ಕಣ ಭೌತಶಾಸ್ತ್ರಕ್ಕೆ ಮೊದಲು ಏನು ಕಲಿಯಬೇಕು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಪರಮಾಣುವಿಗಿಂತಲೂ ಸಣ್ಣ ಕಣಗಳನ್ನು ಅರಿಯುವ ವಿದ್ಯೆಯೇ ಕಣ ಭೌತಶಾಸ್ತ್ರ. ಅದು ಪರದೇಶದವರಿಗೆ ಮಾತ್ರ ಸೇರಿದ್ದೆಂದು ತಿಳಿಯಬೇಡಿ. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಭಾರತ, ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದರು. ಆಕಾಶದಿಂದ ಬರುವ ಬೇರೆ ಕಣಗಳನ್ನು ಬಹುಪಾಲು ಬಂಡೆಯೇ ತಡೆಯುತ್ತದೆ. ದಾಟಿ ಬರುವ ಕೆಲವು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ನ್ಯೂಟ್ರಿನೊ ಮಾತ್ರ ಯಾವ ದಿಕ್ಕಿನಿಂದಲೂ ಬರಬಲ್ಲದು. ಅಪರೂಪಕ್ಕೆ ಅದು ಬಂಡೆಗೆ ತಾಗಿದಾಗ ಮ್ಯೂಯಾನ್ ಎಂಬ ಕಣ ಹುಟ್ಟುತ್ತದೆ. ಅಡ್ಡಲಾಗಿ ಬಂದ ಮ್ಯೂಯಾನುಗಳನ್ನು ನೋಡಿ ಅವರು ನ್ಯೂಟ್ರಿನೊವನ್ನು ಗುರುತಿಸಿದರು.

ಅಡ್ಡ ಬಂದಿತೋ, ಮೇಲಿನಿಂದ ಬಂದಿತೋ ಎಂದು ತಿಳಿಯಲು ಕೋನ ಅಳೆಯಬೇಕು. ಅದು ನಿಮ್ಮ ಹತ್ತನೇ ತರಗತಿಯ ತ್ರಿಕೋನಮಿತಿ! ಮೊದಲ ಮೆಟ್ಟಿಲು ನಿಮ್ಮ ಕೈಯಲ್ಲೇ ಇದೆ.

ಎರಡನೆಯದು ಪಿಯುಸಿ: ಭೌತಶಾಸ್ತ್ರದ ಜೊತೆಗೆ ಗಣಿತ, ಅದರಲ್ಲೂ ಸದಿಶಗಳು ಮತ್ತು ಕಲನಶಾಸ್ತ್ರ. ಮೂರನೆಯದು ಬಿ.ಎಸ್‌ಸಿ.: ಚಲನೆಯ ನಿಯಮಗಳು, ವಿದ್ಯುತ್ಕಾಂತತೆ, ಮಾತೃಕೆಗಳು, ಸಾಪೇಕ್ಷತಾ ಸಿದ್ಧಾಂತ. ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಭಾಗದಷ್ಟು ಮಾತ್ರ ಬದುಕುವ ಮ್ಯೂಯಾನ್ ಹಲವು ಕಿಲೋಮೀಟರ್ ಎತ್ತರದಿಂದ ನೆಲ ಮುಟ್ಟುವುದು ಹೇಗೆಂದು ಸಾಪೇಕ್ಷತೆಯಿಲ್ಲದೆ ತಿಳಿಯದು. ನಾಲ್ಕನೆಯದು ಕ್ವಾಂಟಮ್ ಮೆಕ್ಯಾನಿಕ್ಸ್. ಇವಿಷ್ಟಾದ ಮೇಲೆ ಎಂ.ಎಸ್‌ಸಿ.ಯಲ್ಲಿ ಕಣ ಭೌತಶಾಸ್ತ್ರದ ಬಾಗಿಲು ತೆರೆಯುತ್ತದೆ. ನಡುವಿನ ಮೆಟ್ಟಿಲು ಹಾರಿದವರು ಹೆಸರುಗಳನ್ನು ಬಾಯಿಪಾಠ ಮಾಡಬಹುದು, ವಿಷಯ ಅರಿಯಲಾರರು.

ಇನ್ನೊಂದು ಮಾತು. ನನ್ನ ಒಬ್ಬ ಜಾಣ ವಿದ್ಯಾರ್ಥಿನಿ ‘ಮೆಯಾರೆ ಹರಕತ್’ ಎಂದರೇನೆಂದು ಉರ್ದುವಿನಲ್ಲಿ ಸೊಗಸಾಗಿ ಹೇಳುತ್ತಿದ್ದಳು. ಪಿಯುಸಿಯಲ್ಲಿ ‘ಮೊಮೆಂಟಮ್’ ಎಂಬ ಹೆಸರು ಕೇಳಿ ಅದು ಬೇರೆಯೇ ಪಾಠವೆಂದು ಹೆದರಿದಳು. ಎರಡು ತಿಂಗಳಲ್ಲಿ ಸೈನ್ಸ್ ಬಿಟ್ಟು ಆರ್ಟ್ಸ್ ಸೇರಿದಳು. ಎರಡೂ ಒಂದೇ, ಕನ್ನಡದಲ್ಲಿ ಅದನ್ನೇ ‘ಸಂವೇಗ’ ಎನ್ನುತ್ತಾರೆಂದು ನಾನು ಮೊದಲೇ ಹೇಳಿಕೊಡಬೇಕಿತ್ತು. ಆ ತಪ್ಪು ನನ್ನದು.

ಆದ್ದರಿಂದ ಮಕ್ಕಳೇ, ಇಂದೇ ಒಂದು ನೋಟ್‌ಬುಕ್ ಮಾಡಿ. ಪ್ರತಿ ಪದವನ್ನೂ ಉರ್ದು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬರೆದುಕೊಳ್ಳಿ. ತಂದೆತಾಯಂದಿರೇ, ಕಷ್ಟವೆಂಬ ಕಾರಣಕ್ಕೆ ಮಕ್ಕಳಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಗಣಿತ ಬಿಡಿಸಬೇಡಿ. ಹತ್ತನೇ ತರಗತಿಯ ನಂತರ ಬಿಟ್ಟ ಗಣಿತವನ್ನು ಮತ್ತೆ ಹಿಡಿಯುವುದು ಬಲು ಕಷ್ಟ.

ಅಲ್ಲಾಹನು ನಮ್ಮೆಲ್ಲರ ಇಲ್ಮಿನಲ್ಲಿ ಬರಕತ್ ನೀಡಲಿ. ಆಮೀನ್.