ಹೆಳವರು ಬರೆದದ್ದು, ಅಜ್ಜಿ ಹೇಳಿದ್ದು

ನಿಮ್ಮ ಮುತ್ತಜ್ಜನ ಅಪ್ಪನ ಹೆಸರೇನು? ಥಟ್ಟನೆ ಹೇಳುವವರು ಕಡಿಮೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇದನ್ನು ಹೇಳಲೆಂದೇ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು, ಕಾಲು ಕಾಣದಂತೆ ಕಂಬಳಿ ಹೊದ್ದು ಬರುತ್ತಾರೆಂದು 1909ರಲ್ಲೇ ಬ್ರಿಟಿಷ್ ಅಧಿಕಾರಿ ಎಡ್ಗರ್ ಥರ್ಸ್ಟನ್ ಬರೆದಿದ್ದಾನೆ. ಮನೆ ಮುಂದೆ ನಿಂತು ಹಿರೀಕರ ಹೆಸರನ್ನೆಲ್ಲ ಹೇಳುವುದು, ಕಾಳಗದಲ್ಲಿ ಮಡಿದವರನ್ನು ಕೊಂಡಾಡುವುದು, ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುವುದು, ಕಾಳೋ ಬಟ್ಟೆಯೋ ಪಡೆದು ಮುಂದಿನ ಮನೆಗೆ ನಡೆಯುವುದು. ಎಂಥ ಕಾಯಕ ನೋಡಿ!

ಆದರೂ ನನಗೊಂದು ಕೊರಗು. ಆ ಪಟ್ಟಿ ಅಪ್ಪನಿಂದ ಮಗನಿಗೆ ಇಳಿಯುತ್ತದೆ. ಸೊಸೆಯಾಗಿ ಬಂದವಳು ಬರಗಾಲದಲ್ಲಿ ಮಕ್ಕಳಿಗೆ ಏನು ಬೇಯಿಸಿ ಹಾಕಿದಳು? ಅದನ್ನು ಮನೆಯ ಹೆಂಗಸರನ್ನೇ ಕೇಳಬೇಕು.

ಅಮೆರಿಕದಲ್ಲಿ ಹೀಗೆ ಹಿರಿಯರನ್ನೇ ಕೂರಿಸಿ ಕೇಳಿದರು. ಗುಲಾಮಗಿರಿ ಅನುಭವಿಸಿ ಬದುಕುಳಿದಿದ್ದ ಎರಡು ಸಾವಿರಕ್ಕೂ ಹೆಚ್ಚು ಮುದುಕ ಮುದುಕಿಯರ ಮಾತನ್ನು 1936ರಿಂದ 1938ರವರೆಗೆ ಸರ್ಕಾರವೇ ಬರೆಸಿತು. 1948ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರ ಅಲನ್ ನೆವಿನ್ಸ್ ಹೀಗೆ ಬಾಯಿಮಾತಿನ ಇತಿಹಾಸ ಕೂಡಿಡಲೆಂದೇ ಒಂದು ಕಚೇರಿ ತೆರೆದರು. ಅದಿರಲಿ, ನನಗೆ ಅಚ್ಚುಮೆಚ್ಚು ಅಮೆರಿಕದ ಲೇಖಕ ಅಲೆಕ್ಸ್ ಹೇಲಿ. ಟೆನೆಸ್ಸಿಯ ಹೆನ್ನಿಂಗ್ ಎಂಬ ಸಣ್ಣ ಊರು. ಜಗಲಿಯಲ್ಲಿ ಅಜ್ಜಿ ಮತ್ತು ಅವಳ ಅಕ್ಕತಂಗಿಯರು. ಡೋಲು ಮಾಡಲೆಂದು ಮರ ಕಡಿಯಲು ಹೋಗಿ ಸೆರೆಸಿಕ್ಕ ಆಫ್ರಿಕದ ಹಿರಿಯನೊಬ್ಬನ ಕಥೆ. ಪಕ್ಕದಲ್ಲಿ ಕಿವಿಗೊಟ್ಟು ಕೂತ ಹುಡುಗ ಹೇಲಿ. ಅವನೇ ದೊಡ್ಡವನಾಗಿ, ಆ ಹಿರಿಯನ ಜಾಡು ಹಿಡಿದು ಆಫ್ರಿಕದ ಗ್ಯಾಂಬಿಯಾಕ್ಕೆ ಹೋದ. ಅಲ್ಲೂ ವಂಶಾವಳಿ ಹೇಳುವ ಮುದುಕನೊಬ್ಬ ಸಿಕ್ಕ! 1976ರಲ್ಲಿ 'ರೂಟ್ಸ್' ಎಂಬ ಅವನ ಪುಸ್ತಕ ಬಂತು. ಕೊಂಡಿಗಳು ಕೂಡುವುದಿಲ್ಲವೆಂದು ಆಮೇಲೆ ವಿದ್ವಾಂಸರು ತಕರಾರು ತೆಗೆದರು. ತಕರಾರಿನಲ್ಲಿ ಹುರುಳಿದೆ. ಆದರೆ ಅದನ್ನು ಓದಿ ಎಷ್ಟೊಂದು ಮಂದಿ ತಮ್ಮ ಮನೆಯ ಹಿರಿಯರ ಮುಂದೆ ಹೋಗಿ ಕೂತರು!

ನೀವೂ ಕೂರಿ. "ಯಾವ ಇಸವಿಯಲ್ಲಿ ಹುಟ್ಟಿದ್ದು?" ಅಂದರೆ "ಯಾರಿಗೆ ಗೊತ್ತಪ್ಪಾ" ಅಂತಾರೆ. "ಗಾಂಧಿ ಸತ್ತಾಗ ಎಷ್ಟು ದೊಡ್ಡವಳಿದ್ದೆ ಅಜ್ಜಿ?" ಅನ್ನಿ. "ತಮ್ಮನ್ನ ಕಂಕುಳಲ್ಲಿ ಎತ್ಕೊಂಡು ಓಡಾಡ್ತಿದ್ದೆ" ಅಂದರೆ, 1948ಕ್ಕೆ ಏಳೆಂಟು ವರ್ಷದವಳು ಅಂತ ಲೆಕ್ಕ ಸಿಕ್ಕಿತು. ಹಳೇ ಫೋಟೋ ಕೈಗೆ ಕೊಡಿ. ಅಜ್ಜಿ ಹೇಳಿದ್ದಕ್ಕೂ ಚಿಕ್ಕಜ್ಜಿ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಪಂಚಾಯ್ತಿ ಮಾಡಬೇಡಿ, ಎರಡನ್ನೂ ಇಟ್ಟುಕೊಳ್ಳಿ. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿ. ಶುರುವಿನಲ್ಲೇ ತಾರೀಖು, ಊರು, ಅವರ ಹೆಸರು ಹೇಳಿಬಿಡಿ.

ಮೊದಲ ಪ್ರಶ್ನೆ ಅಜ್ಜಿಯ ತವರಿನದ್ದಾಗಲಿ: ಅವರ ಅಮ್ಮನ ಹೆಸರು, ಅಮ್ಮನ ಅಮ್ಮನ ಹೆಸರು. ಹಬ್ಬಕ್ಕೆ ಹೋದಾಗ ಕೇಳಿದರಾಯ್ತು ಅಂತ ಮುಂದೂಡಬೇಡಿ, ಈ ಭಾನುವಾರವೇ ಹೊರಡಿ.