ತಿರುಪು ಕಿತ್ತುಹೋದ ಎಂಜಿನ್

ಎಂಜಿನ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಬೆಂಕಿ, ಹೊಗೆ, ವೇಗ ಇವುಗಳೇ ನೆನಪಿಗೆ ಬರುತ್ತವೆ. ಇವನ್ನೆಲ್ಲ ಹತೋಟಿಯಲ್ಲಿ ಹಿಡಿದಿಟ್ಟಿರುವ ತಿರುಪಿನ ನೆನಪು ಯಾರಿಗೂ ಬರುವುದಿಲ್ಲ. ಬೋಲ್ಟಿನ ಮೈಮೇಲೆ ಸುತ್ತುಸುತ್ತಾಗಿ ಇಳಿದಿರುವ ಸಣ್ಣ ಏಣನ್ನು ವರ್ಕ್‌ಶಾಪಿನವರು ಥ್ರೆಡ್ ಎನ್ನುತ್ತಾರೆ. ಅದು ಗಟ್ಟಿಯಾಗಿರುವಷ್ಟು ದಿನ ಅದರ ಸುದ್ದಿಯೇ ಇಲ್ಲ. ಅದು ಕಿತ್ತುಬಂದ ದಿನ ಇಡೀ ಎಂಜಿನ್ ಕೆಲಸಕ್ಕೆ ಬಾರದ ಎರಕದ ಗಡ್ಡೆಯಾಗಿ ಕೂರುತ್ತದೆ. ಈ ಕೇಡು ಹೇಗೆ ಬರುತ್ತದೆ, ಅದನ್ನು ಸರಿಪಡಿಸುವ ಬಗೆ ಯಾವುದು ಎಂಬುದನ್ನು ಈಗ ವಿಚಾರಮಾಡೋಣ.

ನಮಗೆ ಪರಿಚಿತವಾದ ಒಂದು ನಿದರ್ಶನವನ್ನೇ ತೆಗೆದುಕೊಳ್ಳೋಣ. ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಅಲ್ಲಿ ತಯಾರಾದ ಮೋಟಾರ್‌ಸೈಕಲ್ಲುಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ. ತಂದೆ ಹತ್ತಿದ ಬಂಡಿಯನ್ನು ಮಗ ಕಾಪಾಡಿಕೊಂಡು ಬಂದಿರುವ ಮನೆಗಳೂ ಉಂಟು. ಅಂತಹ ಬಂಡಿಯ ಹೆಡ್ಡು ಕೆಟ್ಟರೆ, ಅದನ್ನು ಮಾಡಿದ ಕಾರ್ಖಾನೆಯಿಂದ ಇನ್ನೊಂದನ್ನು ತರಿಸುವಂತಿಲ್ಲ. ಆದ್ದರಿಂದ ರಿಪೇರಿಯ ಪ್ರಶ್ನೆ ಅಲ್ಲಿ ಕೇವಲ ಹಣದ ಪ್ರಶ್ನೆಯಲ್ಲ.

ಈ ಹೆಡ್ಡು ಅಲ್ಯೂಮಿನಿಯಂ ಎರಕದ್ದು. ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದು ಪಾಲಿನಷ್ಟೇ ತೂಕದ್ದು. ಕಾವನ್ನು ಬೇಗ ಹೊರಕ್ಕೆ ಸಾಗಿಸುತ್ತದೆ. ರೈಟ್ ಸೋದರರು 1903ರಲ್ಲಿ ಹಾರಿಸಿದ ವಿಮಾನದ ಎಂಜಿನ್ನಿಗೂ ಇದೇ ಲೋಹದ ಎರಕದ ಹೊರಕವಚವಿತ್ತು. ಆದರೆ ಈ ಗುಣಗಳ ಜೊತೆಯಲ್ಲೇ ಒಂದು ದೌರ್ಬಲ್ಯವೂ ಉಂಟು: ಅಲ್ಯೂಮಿನಿಯಂ ಮೃದು. ಸ್ಪಾರ್ಕ್ ಪ್ಲಗ್ಗಿನ ಮೈಯಾದರೋ ಉಕ್ಕು. ಎರಡಕ್ಕೂ ಜಗಳವಾದರೆ ಸೋಲುವುದು ಹೆಡ್ಡೇ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುವುದರಿಂದ ಪ್ಲಗ್ಗಿಗೆ ಮಸಿ ಹಿಡಿಯುವುದು ಸಹಜ. ಅದನ್ನು ಮತ್ತೆ ಮತ್ತೆ ಬಿಚ್ಚಿ ಹಾಕಬೇಕಾಗುತ್ತದೆ. ಒಮ್ಮೆ ಓರೆಯಾಗಿ ಕೂರಿಸಿ ಸ್ಪ್ಯಾನರಿನಿಂದ ತಿರುಗಿಸಿದರೆ ಸಾಕು, ಉಕ್ಕು ಮೃದುಲೋಹವನ್ನು ಕೆರೆದುಹಾಕುತ್ತದೆ. ಬಿಗಿ ಹೆಚ್ಚಿದಷ್ಟೂ ಭದ್ರತೆ ಹೆಚ್ಚೆಂದು ತಿಳಿದು ಬಲವೆಲ್ಲವನ್ನೂ ಹಾಕುವವರೂ ಉಂಟು. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ಥ್ರೆಡ್ಡಿನ ಎಲ್ಲ ಸುತ್ತುಗಳೂ ಭಾರವನ್ನು ಸಮನಾಗಿ ಹೊರುವುದಿಲ್ಲ. ಮೊದಲಿನ ಕೆಲವು ಸುತ್ತುಗಳ ಮೇಲೆಯೇ ಬಹುಪಾಲು ಬೀಳುತ್ತದೆ. ಅವು ಹರಿದರೆ ಭಾರ ಮುಂದಿನವುಗಳ ಮೇಲೆ ಬೀಳುತ್ತದೆ. ಹೀಗೆ ಸಾಲಾಗಿ ಕಿತ್ತುಬರುತ್ತವೆ.

ಆಗ ಏನು ಮಾಡಬೇಕು? ಪ್ಲಗ್ಗಿಗೆ ದಾರವನ್ನೋ ತಗಡಿನ ಚೂರನ್ನೋ ಸುತ್ತಿ ತುರುಕುವುದು, ಅಂಟು ಮೆತ್ತುವುದು, ಇವು ರಿಪೇರಿಯಲ್ಲ. ಸಿಲಿಂಡರಿನೊಳಗೆ ಕ್ಷಣಕ್ಷಣವೂ ಸ್ಫೋಟ ನಡೆಯುತ್ತಿರುತ್ತದೆ. ಹಿಡಿತವಿಲ್ಲದ ಪ್ಲಗ್ಗು ಸಡಿಲವಾಗಿ ಹೊರಕ್ಕೆ ಚಿಮ್ಮಬಹುದು. ಅಲ್ಲದೆ, ಪ್ಲಗ್ಗಿನ ಕಾವು ಹೆಡ್ಡಿಗೆ ಇಳಿಯಬೇಕಾದರೆ ಲೋಹಕ್ಕೆ ಲೋಹ ಒತ್ತಿಕೊಂಡಿರಬೇಕು.

ಸರಿಯಾದ ಉಪಾಯಕ್ಕೆ ಹೆಲಿಕಾಯಿಲ್ ಎಂದು ಹೆಸರು. ಇದು ತುಕ್ಕು ಹಿಡಿಯದ ಉಕ್ಕಿನ ತಂತಿಯ ಸುರುಳಿ. ತಂತಿಯ ಅಡ್ಡಕೊಯ್ತ ವಜ್ರಾಕೃತಿಯಾಗಿರುವುದರಿಂದ ಸುರುಳಿಗೆ ಒಳಗೂ ಹೊರಗೂ ಥ್ರೆಡ್ ಇರುತ್ತದೆ. ಮೊದಲು ಹೆಡ್ಡನ್ನು ಬಿಚ್ಚಿ ಮೇಜಿನ ಮೇಲಿಡಬೇಕು. ಹಾಗೆ ಮಾಡಿದರೆ ಲೋಹದ ಚೂರು ಸಿಲಿಂಡರಿನೊಳಕ್ಕೆ ಬೀಳದು. ಹಳೆಯ ಥ್ರೆಡ್ಡಿನ ಉಳಿಕೆಯನ್ನು ತಕ್ಕ ಅಳತೆಯ ಡ್ರಿಲ್ಲಿನಿಂದ ಕೊರೆದು ತೆಗೆದು, ಸುರುಳಿಗೆಂದೇ ಮಾಡಿದ ಟ್ಯಾಪಿನಿಂದ ದೊಡ್ಡ ಥ್ರೆಡ್ ಕತ್ತರಿಸಬೇಕು. ಸೀಮೆಎಣ್ಣೆ ಹನಿಸುತ್ತ, ಒಂದೆರಡು ಸುತ್ತು ಮುಂದೆ ಹೋದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಚೂರನ್ನು ಮುರಿಯುತ್ತ ಸಾಗಬೇಕು. ಬಳಿಕ ಸುರುಳಿಯನ್ನು ಅದರ ಸಲಕರಣೆಯಿಂದ ತಿರುಗಿಸಿ, ಅಂಚಿಗಿಂತ ಕಾಲಿನಿಂದ ಅರ್ಧ ಸುತ್ತು ಒಳಗಿರುವಂತೆ ಕೂರಿಸಿ, ತುದಿಯಲ್ಲಿರುವ ಸಣ್ಣ ಹಿಡಿಯನ್ನು ಮುರಿದು ತೆಗೆಯಬೇಕು. ಸುರುಳಿ ರಂಧ್ರಕ್ಕಿಂತ ತುಸು ದೊಡ್ಡದಾಗಿರುವುದರಿಂದ ಸ್ಪ್ರಿಂಗಿನಂತೆ ಅರಳಿ ಗೋಡೆಯನ್ನು ತಾನೇ ಒತ್ತಿ ಹಿಡಿಯುತ್ತದೆ. ಒಳಗಿನ ಅಳತೆ ಮೊದಲಿನಂತೆಯೇ: ವ್ಯಾಸ 14 ಮಿಲಿಮೀಟರ್, ಸುತ್ತಿನಿಂದ ಸುತ್ತಿಗೆ 1.25 ಮಿಲಿಮೀಟರ್. ಹಳೆಯ ಪ್ಲಗ್ಗೇ ಸರಿಹೊಂದುತ್ತದೆ.

ಹೀಗೆ ಮಾಡಿದ ರಿಪೇರಿ ಮೊದಲಿಗಿಂತಲೂ ಗಟ್ಟಿ ಎಂಬುದು ಇದರ ವಿಶೇಷ. ಉಜ್ಜಾಟವೆಲ್ಲ ಈಗ ಉಕ್ಕಿಗೂ ಉಕ್ಕಿಗೂ. ಅಲ್ಯೂಮಿನಿಯಂ ಮೇಲಿನ ಭಾರವಾದರೋ ಹೆಚ್ಚು ಅಗಲಕ್ಕೆ, ಹೆಚ್ಚು ಸುತ್ತುಗಳಿಗೆ ಹಂಚಿಹೋಗುತ್ತದೆ. ಈ ಕಾರಣದಿಂದಲೇ ವಿಮಾನಗಳನ್ನು ಕಟ್ಟುವವರು ಹೊಸ ಭಾಗಗಳಲ್ಲಿಯೇ ಇಂತಹ ಸುರುಳಿಗಳನ್ನು ಕೂರಿಸುವುದುಂಟು.

ಆದರೆ ಒಂದು ಎಚ್ಚರ ಬೇಕು. ಡ್ರಿಲ್ಲು ತೆಗೆದ ಲೋಹ ಮರಳಿ ಬಾರದು. ರಂಧ್ರ ಓರೆಯಾದರೆ ಪ್ಲಗ್ಗೂ ಓರೆಯಾಗಿ, ಅದರ ಪೀಠ ಸರಿಯಾಗಿ ಕೂರದು. ಆದ್ದರಿಂದ ಹೆಡ್ಡನ್ನು ಕೊಡುವಾಗ, ಅದನ್ನು ಬಿಗಿಯಾಗಿ ಹಿಡಿಸಿ ನೇರವಾಗಿ ಕೊರೆಯುವ ಏರ್ಪಾಡು ಇದೆಯೇ, ಸುರುಳಿಗೆ ತಕ್ಕ ಟ್ಯಾಪ್ ಇದೆಯೇ ಎಂದು ವಿಚಾರಿಸುವುದು ಮೆಕ್ಯಾನಿಕ್ಕಿನ ಮೇಲಿನ ಅಪನಂಬಿಕೆಯಲ್ಲ. ಒಳ್ಳೆಯ ಕೆಲಸಗಾರ ಆ ಪ್ರಶ್ನೆಯಿಂದ ಸಂತೋಷವನ್ನೇ ಪಡುತ್ತಾನೆ. ಆಮೇಲಿನ ಹೊಣೆ ನಮ್ಮದು. ಎಂಜಿನ್ ತಣ್ಣಗಾದ ಮೇಲೆಯೇ ಪ್ಲಗ್ಗನ್ನು ಮುಟ್ಟಬೇಕು. ಬೆರಳಿನಿಂದಲೇ ಕೊನೆಯವರೆಗೂ ತಿರುಗಿಸಬೇಕು. ನಡುವೆ ತಡೆದರೆ ಬಿಚ್ಚಿ ಮತ್ತೆ ಆರಂಭಿಸಬೇಕು. ವಾಷರುಳ್ಳ ಹೊಸ ಪ್ಲಗ್ಗಿಗೆ ಅನಂತರ ಸ್ಪ್ಯಾನರಿನಿಂದ ಅರ್ಧ ಸುತ್ತು, ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲು ಸುತ್ತು ಸಾಕು; ಹಳೆಯದಕ್ಕೆ ಇನ್ನೂ ಕಡಮೆ. ಇಷ್ಟನ್ನು ಪಾಲಿಸಿದರೆ ಆ ಹೆಡ್ಡು ಮಗನ ಕಾಲವನ್ನು ದಾಟಿ ಮೊಮ್ಮಗನ ಕೈಗೂ ಬಂದೀತು.