ಅಂಗವಿಕಲರ ರೈಲು ಪ್ರಯಾಣ



ನಡೆಯಲಾರದ ಮಗುವನ್ನು ದೊಡ್ಡ ಆಸ್ಪತ್ರೆಗೆ ತೋರಿಸಿರೆಂದು ನಾವು ವೈದ್ಯರು ಸುಲಭವಾಗಿ ಹೇಳಿಬಿಡುತ್ತೇವೆ. ಹೋಗಿಬರುವ ಖರ್ಚಿನ ಮಾತು ಬಂದಾಗ ತಂದೆಯು ಮೌನಿಯಾಗುತ್ತಾನೆ. ಸುಗ್ಗಿ ಕಳೆಯಲಿ ಎಂದು ತಾಯಿ ಹೇಳುತ್ತಾಳೆ. ಸುಗ್ಗಿ ಕಳೆದರೂ ಪ್ರಯಾಣ ಕೂಡಿಬರುವುದಿಲ್ಲ. ಈ ತೊಡಕನ್ನು ಬಹುಮಟ್ಟಿಗೆ ಸಡಿಲಿಸುವ ಸೌಲಭ್ಯವೊಂದು ಭಾರತೀಯ ರೈಲ್ವೆಯಲ್ಲಿದೆ.

ಪರರ ನೆರವಿಲ್ಲದೆ ಪ್ರಯಾಣ ಮಾಡಲಾರದ ಅಂಗವಿಕಲರು, ಅಂತೆಯೇ ಒಬ್ಬರೇ ಹೊರಡಲಾರದ ಬುದ್ಧಿಮಾಂದ್ಯರು, ಪೂರ್ಣ ದೃಷ್ಟಿಹೀನರು, ಇವರಿಗೆ ಎರಡನೆಯ ದರ್ಜೆ ಹಾಗೂ ಸ್ಲೀಪರ್ ದರ್ಜೆಯ ಮೂಲ ದರದಲ್ಲಿ ನೂರಕ್ಕೆ 75ರಷ್ಟು ರಿಯಾಯಿತಿಯುಂಟು. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ರಿಯಾಯಿತಿ. ಮೂಲ ದರ 200 ರೂಪಾಯಿ ಎನ್ನಿ. ಬೆಳೆದ ಮಗನಿಗೆ 50, ಕರೆದೊಯ್ಯುವ ತಾಯಿಗೆ 50. ಒಬ್ಬರ ಟಿಕೆಟ್ಟಿನ ಅರ್ಧ ಹಣದಲ್ಲಿ ಇಬ್ಬರ ಪ್ರಯಾಣ ಮುಗಿಯಿತು. ಮುಂಗಡ ಕಾದಿರಿಸುವ ಶುಲ್ಕ, ಸೂಪರ್‌ಫಾಸ್ಟ್ ಶುಲ್ಕಗಳು ಮಾತ್ರ ಬೇರೆ. ಗಂಡ ಹೆಂಡತಿ ಇಬ್ಬರೂ ಹೊರಟರೆ ಒಬ್ಬರು ಪೂರ್ತಿ ಹಣ ಕೊಡಬೇಕಾಗುವುದು. ಕಿವುಡುತನ, ಮೂಕತನ ಎರಡೂ ಒಬ್ಬರಲ್ಲೇ ಪೂರ್ಣವಾಗಿದ್ದರೆ ರಿಯಾಯಿತಿ ನೂರಕ್ಕೆ 50. ಕಿವಿ ಮಾತ್ರ ಮಂದವಾಗಿದ್ದವರಿಗೆ ಇದು ದೊರೆಯದು.

2020ರ ಮಾರ್ಚ್ ತಿಂಗಳಲ್ಲಿ ಹಿರಿಯ ನಾಗರಿಕರ ರಿಯಾಯಿತಿಯನ್ನು ನಿಲ್ಲಿಸಲಾಯಿತು. ಅದರೊಂದಿಗೆ ಇದೂ ನಿಂತಿತೆಂದು ತಿಳಿದವರಿದ್ದಾರೆ. ಅದು ತಪ್ಪು ತಿಳಿವಳಿಕೆ.

2016ರ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆಯಾದರೂ ರೈಲಿನ ಈ ರಿಯಾಯಿತಿ ಮೇಲೆ ಹೇಳಿದ ನಾಲ್ಕು ವರ್ಗಗಳಿಗೆ ಮಾತ್ರ. ಆದುದರಿಂದ ಅಂಗವಿಕಲರ ಗುರುತಿನ ಚೀಟಿ ಇದ್ದವರೆಲ್ಲರಿಗೂ ಇದು ಸಿಗುತ್ತದೆಂದು ಭಾವಿಸಬೇಡಿ. ರೈಲ್ವೆಯ ನಿಗದಿತ ನಮೂನೆಯಲ್ಲಿ ಸರ್ಕಾರಿ ವೈದ್ಯರ ಪ್ರಮಾಣಪತ್ರ ಬೇಕು. ಒಬ್ಬರೇ ಪ್ರಯಾಣ ಮಾಡಬಲ್ಲವರಿಗೂ ಸಹಿ ಹಾಕಿಕೊಡಿ ಎಂದು ಕೆಲವರು ಹಟ ಹಿಡಿಯುವುದುಂಟು. ನೆರವಿಲ್ಲದೆ ಹೋಗಲಾರರೆಂದು ದೃಢೀಕರಿಸುವ ಕಾಗದಕ್ಕೆ ನಾವು ಸುಳ್ಳು ಸಹಿ ಹಾಕಲಾಗದು.

ಇದಕ್ಕೆ ವ್ಯತಿರಿಕ್ತವಾಗಿ, ಉಳಿದ ಹೆಣ್ಣುಮಕ್ಕಳ ಸಂಬಂಧಕ್ಕೆ ಅಡ್ಡಿಯಾದೀತೆಂದು ಪ್ರಮಾಣಪತ್ರವನ್ನೇ ಬೇಡವೆನ್ನುವ ಮನೆಗಳೂ ಇವೆ. ಊರಿಗೆಲ್ಲ ತಿಳಿದಿರುವುದನ್ನು ಕಾಗದದಲ್ಲಿ ಬರೆಸಿದರೆ ಹೋಗುವುದೇನು? ಬರೆಸದಿದ್ದರೆ ಮಗುವಿನ ಕಾಲ ಹೋಗುತ್ತದೆ. ಕಿವಿ ಕೇಳದ ಶಿಶುವನ್ನು ವರ್ಷ ತುಂಬುವುದರೊಳಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಪರೀಕ್ಷಿಸಿ ಚಿಕಿತ್ಸೆ ಆರಂಭಿಸಿದರೆ ಅದು ಮಾತು ಕಲಿಯುವ ಸಾಧ್ಯತೆ ಹೆಚ್ಚು. ಆರು ವರ್ಷದವರೆಗೆ ಕಾದು ಕರೆತಂದ ಮಗುವಿಗೆ ಆ ಅವಕಾಶ ಬಹಳ ಕುಗ್ಗಿರುತ್ತದೆ.

ಶಾಶ್ವತ ವೈಕಲ್ಯವಿದ್ದರೂ 25 ವಯಸ್ಸಿನವರೆಗೆ ಪ್ರಮಾಣಪತ್ರ ಐದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ; ಅವಧಿ ತೀರುವ ಮೊದಲೇ ಹೊಸದನ್ನು ಮಾಡಿಸಿರಿ. ಅದರ ಆಧಾರದ ಮೇಲೆ ರೈಲ್ವೆಯು ಭಾವಚಿತ್ರವುಳ್ಳ ಗುರುತಿನ ಚೀಟಿ ಕೊಡುತ್ತದೆ. ಪ್ರಯಾಣದಲ್ಲಿ ಮೂಲ ಕಾಗದ ಕೈಯಲ್ಲಿರಲಿ, ಟಿಕೆಟ್ ಪರೀಕ್ಷಕರು ನಕಲನ್ನು ಒಪ್ಪುವುದಿಲ್ಲ. ಬಹಳಷ್ಟು ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಅಂಗವಿಕಲರಿಗೆಂದೇ ಬೋಗಿಯ ಒಂದು ಭಾಗವಿರುತ್ತದೆ. ಅದು ಗಾಡಿಯ ಯಾವ ತುದಿಗೆ ಬರುವುದೆಂದು ಮೊದಲೇ ವಿಚಾರಿಸಿಕೊಂಡು ಅಲ್ಲಿಯೇ ನಿಂತಿರಿ.